ಹೆಬ್ಬೆರಳು ಕೇಳದ ಗುರು

ಸಂಗೀತ ಕಲಿಯುವವನು ಬಲ್ಲವರ ಹಾಡುಗಾರಿಕೆಯನ್ನು ಕೇಳಬೇಕು. ಕವಿಯಾಗಬಯಸುವವನು ಪೂರ್ವಕವಿಗಳನ್ನು ಓದಬೇಕು. ಇದನ್ನು ಯಾರೂ ಅಲ್ಲಗಳೆಯರು. ಆದರೆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಕಲಿಯಹೊರಟವನಿಗೆ, ಬಲ್ಲವರು ಬರೆದುದನ್ನು ಓದುವ ಭಾಗ್ಯವೇ ಒಮ್ಮೆ ತಪ್ಪಿಹೋಗುವುದರಲ್ಲಿತ್ತು.

ಯಂತ್ರದ ಎಲ್ಲ ಅಂಗಗಳನ್ನೂ ಅಂಕೆಯಲ್ಲಿಟ್ಟು ನಡೆಸುವ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಅಂಥದೊಂದು. ಆಸ್ಟ್ರೇಲಿಯದ ಅಧ್ಯಾಪಕ ಜಾನ್ ಲಯನ್ಸ್ ೧೯೭೬ರಲ್ಲಿ ಅದರ ಮೂಲಬರಹವನ್ನೇ ಪಠ್ಯವಾಗಿಟ್ಟುಕೊಂಡು, ಅದಕ್ಕೊಂದು ವ್ಯಾಖ್ಯಾನವನ್ನೂ ರಚಿಸಿದರು. ಹಳೆಗನ್ನಡ ಕಾವ್ಯಕ್ಕೆ ಟೀಕೆ ಬರೆದು ಬೋಧಿಸುವ ಕ್ರಮವೇ ಅದು! ಆದರೆ ೧೯೭೯ರಲ್ಲಿ ಬಂದ ಯುನಿಕ್ಸಿನ ಏಳನೆಯ ಆವೃತ್ತಿಯ ಪರವಾನಗಿ, ಮೂಲಬರಹವನ್ನು ತರಗತಿಯಲ್ಲಿ ಬೋಧಿಸಕೂಡದೆಂದು ತಡೆಯಿತು. ಲಯನ್ಸರ ಪುಸ್ತಕ ನಕಲಿನ ನಕಲಾಗಿ ಕೈಯಿಂದ ಕೈಗೆ ಗುಟ್ಟಾಗಿ ಸಂಚರಿಸಿತು. ಬಹಿರಂಗವಾಗಿ ಅಚ್ಚಾದುದು ೧೯೯೬ರಲ್ಲಿ.

ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರೂ ಟ್ಯಾನೆನ್‌ಬಾಮ್ ಬೇರೊಂದು ದಾರಿ ಹಿಡಿದರು. ಯುನಿಕ್ಸಿನ ಮೂಲಬರಹವನ್ನು ಬಳಸದೆ, ಅದರಂತೆಯೇ ನಡೆಯುವ ‘ಮಿನಿಕ್ಸ್’ ಎಂಬ ಪುಟ್ಟ ಸಿಸ್ಟಮನ್ನು ರಚಿಸಿ, ೧೯೮೭ರಲ್ಲಿ ಪಠ್ಯಪುಸ್ತಕದೊಡನೆ ಹೊರತಂದರು. ಮೂಲಬರಹವೂ ಅದೇ ಪುಸ್ತಕದಲ್ಲಿ ಅಚ್ಚಾಗಿತ್ತು.

ಆ ಪುಸ್ತಕ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯ ಕೈ ಸೇರಿತು. ೧೯೯೧ರ ಆರಂಭದಲ್ಲಿ ಆತ ಹೊಸ ಕಂಪ್ಯೂಟರೊಂದನ್ನು ಕೊಂಡು ಮಿನಿಕ್ಸನ್ನು ಅಳವಡಿಸಿದ. ವಿಶ್ವವಿದ್ಯಾಲಯದಲ್ಲಿ ಯುನಿಕ್ಸ್, ಮನೆಯಲ್ಲಿ ಮಿನಿಕ್ಸ್. ಎರಡನ್ನೂ ಬಲ್ಲವನಿಗೆ ಕೊರತೆಗಳು ಕಾಣದಿರುತ್ತವೆಯೆ? ಆತ ಗೊಣಗುತ್ತ ಕೂರಲಿಲ್ಲ. ವಿಶ್ವವಿದ್ಯಾಲಯದ ಯಂತ್ರವನ್ನು ಮನೆಯಿಂದಲೇ ಸಂಪರ್ಕಿಸಲು ಸಣ್ಣ ಪ್ರೋಗ್ರಾಂ ಬರೆದ. ಅದಕ್ಕೆ ಡಿಸ್ಕಿನಲ್ಲಿ ಕಡತಗಳನ್ನು ಉಳಿಸುವುದನ್ನು ಕಲಿಸಿದ. ಬೆಳೆಯುತ್ತ ಬೆಳೆಯುತ್ತ ಅದೇ ಆಪರೇಟಿಂಗ್ ಸಿಸ್ಟಂ ಆಯಿತು. ಆಗಸ್ಟ್ ೨೫ರಂದು ಅದನ್ನು ಲೋಕಕ್ಕೆ ತಿಳಿಸಿದಾಗ ಅವನಿಗೆ ೨೧ ವರ್ಷ. ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಲಿನಕ್ಸಿನಲ್ಲಿದ್ದುದು ಸುಮಾರು ೧೦,೦೦೦ ಸಾಲುಗಳು.

೧೯೯೨ರ ಜನವರಿಯಲ್ಲಿ ಟ್ಯಾನೆನ್‌ಬಾಮ್ ಲಿನಕ್ಸಿನ ರಚನಾಕ್ರಮವೇ ಹಳತೆಂದು ಬಹಿರಂಗವಾಗಿ ಟೀಕಿಸಿದರು. ತರುಣನೂ ಹಿಂಜರಿಯದೆ ಎದುರುವಾದ ಹೂಡಿದ. ಗುರುವಿನ ಮುಂದೆ ಕೂರದೆ, ಗ್ರಂಥದಿಂದಲೇ ಕಲಿತ ಏಕಲವ್ಯ ಇವನು. ಆದರೆ ಇಲ್ಲಿ ಯಾರೂ ಹೆಬ್ಬೆರಳು ಕೇಳಲಿಲ್ಲ. ಅದೇ ವರ್ಷ ಆತ ಲಿನಕ್ಸಿನ ಪರವಾನಗಿಯನ್ನೇ ಬದಲಿಸಿದ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವನು ತನ್ನ ಮೂಲಬರಹವನ್ನೂ ತೆರೆದಿಡಬೇಕು. ತಾನು ಪಡೆದ ಓದನ್ನು ಮುಂದಿನವರಿಗೂ ಉಳಿಸಿದ ಬಗೆ ಇದು.

ಇಂದು ಮನೆಯ ಕಂಪ್ಯೂಟರಿನಲ್ಲಿ ವಿಂಡೋಸಿನ ಪಕ್ಕದಲ್ಲೇ ಲಿನಕ್ಸಿಗೂ ಒಂದು ಪಾಲು ಜಾಗ ಕೊಡಬಹುದು, ದುಡ್ಡು ತೆರಬೇಕಾಗಿಲ್ಲ. ಒಂದೇ ಕೆಲಸವನ್ನು ಎರಡು ಸಿಸ್ಟಮುಗಳು ಹೇಗೆ ಬೇರೆಬೇರೆಯಾಗಿ ಮಾಡುತ್ತವೆಂದು ನೋಡಿದ ಹುಡುಗನಿಗೋ ಹುಡುಗಿಗೋ ‘ಏಕೆ?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಉತ್ತರ ತೆರೆದ ಬರಹದಲ್ಲಿದೆ. ಓದುವ ತಾಳ್ಮೆಯನ್ನು ಮಾತ್ರ ಯಾವ ಪರವಾನಗಿಯೂ ಕೊಡಲಾರದು.