ಮೈಕ್‌ಗಾಗಿ ಕಾಯುವುದು ಸಾಕು



ಕಳೆದ ವರ್ಷವಿಡೀ ನಮ್ಮ ಐಸಿವೈಎಂ ಘಟಕದ ಸಭೆಯಲ್ಲಿ ಒಂದೇ ಚರ್ಚೆ. ಹಬ್ಬದ ಸ್ಟಾಲ್‌ನಿಂದ ಉಳಿದ ಹಣದಲ್ಲಿ ರೆಕಾರ್ಡಿಂಗ್‌ಗೆ ಯಾವ ಮೈಕ್ ಕೊಳ್ಳುವುದು? ಯೂಟ್ಯೂಬ್ ನೋಡಿ ಬಂದ ನಾವೆಲ್ಲ ದೊಡ್ಡ ಕಂಡೆನ್ಸರ್ ಮೈಕೇ ಬೇಕೆಂದು ಹಟ ಹಿಡಿದೆವು. ಹಣ ಸಾಲಲಿಲ್ಲ. ಮುಂದಿನ ಹಬ್ಬ ಕಳೆಯಲಿ ಎಂದು ಮುಂದೂಡಿದೆವು. ಅಷ್ಟರಲ್ಲಿ, ರೋಸ್ ದಿನ ತೆಂಗಿನ ಹಾಲು ಹಚ್ಚುವಾಗ ಪುಸ್ತಕ ನೋಡದೆ ವೋವಿಯೊ ಹಾಡುತ್ತಿದ್ದ ನಮ್ಮ ವಾಳೆಯ ಅಜ್ಜಿ ತೀರಿಕೊಂಡರು. ಅವರ ದನಿ ಈಗ ಉಳಿದಿರುವುದು ಒಂದು ಮದುವೆ ವಿಡಿಯೋದಲ್ಲಿ ಮಾತ್ರ, ಅದೂ ಬ್ಯಾಂಡಿನ ಗದ್ದಲದ ನಡುವೆ.

ಹಾಗಾಗಿ ನೇರವಾಗಿ ಹೇಳುತ್ತೇವೆ: ಮನೆಯಲ್ಲಿ ರೆಕಾರ್ಡಿಂಗ್ ಶುರು ಮಾಡುವವರಿಗೆ ಮೊದಲು ಬೇಕಾದದ್ದು ನಿಶ್ಶಬ್ದವಾದ ಕೋಣೆ, ಆಮೇಲೆ ಒಂದು ಸಾಧಾರಣ ಡೈನಾಮಿಕ್ ಮೈಕ್. ಕಂಡೆನ್ಸರ್ ನಿಧಾನಕ್ಕೆ ಬರಲಿ.

ಕಂಡೆನ್ಸರ್ ಕೆಟ್ಟದ್ದೆಂದಲ್ಲ, ಅದರ ಕಿವಿ ಬಹಳ ಚುರುಕು. ಸ್ಟುಡಿಯೋದಲ್ಲಿ ಅದು ಗುಣ, ನಮ್ಮ ಮನೆಗಳಲ್ಲಿ ತೊಂದರೆ. ಮಂಜೇಶ್ವರ, ಕಾಸರಗೋಡು ಕಡೆಯ ಮನೆಗಳನ್ನು ನೆನಪಿಸಿಕೊಳ್ಳಿ: ಬರಿಯ ಗೋಡೆ, ಟೈಲ್ಸ್ ನೆಲ, ತಿರುಗುವ ಫ್ಯಾನ್, ಜೂನ್ ಬಂತೆಂದರೆ ತಗಡಿನ ಮೇಲೆ ಬಡಿಯುವ ಮಳೆ. ಹಾಡಿನ ಜೊತೆ ಇವೆಲ್ಲವನ್ನೂ ಅದು ಹಿಡಿಯುತ್ತದೆ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ತೇವವೂ ಅದಕ್ಕೆ ಆಗದು. ಡೈನಾಮಿಕ್ ಮೈಕ್‌ಗೆ ಈ ರಗಳೆಯಿಲ್ಲ. ಶೂರ್ ಕಂಪನಿಯ ಎಸ್‌ಎಂ58 ಬಂದದ್ದು 1966ರಲ್ಲಿ. ಇಂದಿಗೂ ಹಾಡುಗಾರರ ಕೈಯಲ್ಲಿದೆ.

ಬಿಎಸ್ಸಿಯಲ್ಲಿ ಕಲಿತ ಒಂದು ನಿಯಮ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು. ಬಾಯಿಗೂ ಮೈಕ್‌ಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ. 60 ಸೆಂಟಿಮೀಟರ್‌ನಿಂದ 15ಕ್ಕೆ ಬಂದರೆ 12 ಡೆಸಿಬಲ್. ಮಳೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ದುಡ್ಡಿಲ್ಲದೆ ಸಿಗುವ ಲಾಭವಿದು. ತೀರಾ ತುಟಿಗೆ ತಾಗಿಸಬೇಡಿ, ದನಿ ಗುಂಯ್‌ಗುಟ್ಟುತ್ತದೆ. ಮೈಕನ್ನು ತುಸು ಓರೆಯಾಗಿಟ್ಟರೆ 'ಪ', 'ಫ'ಗಳ ಗಾಳಿಯೂ ನೇರ ಬಡಿಯುವುದಿಲ್ಲ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. 'ಟಣ್' ಎಂದು ಮರುದನಿ ಬಂದರೆ ಹಾಡುವವರ ಹಿಂದೆ ದಪ್ಪ ಕಂಬಳಿ ಕಟ್ಟಿ, ಹಾಸಿಗೆಯನ್ನು ಗೋಡೆಗೆ ಒರಗಿಸಿ. ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುವುದಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಳೆ ಬಿಟ್ಟ ಹೊತ್ತನ್ನು ನೋಡಿಕೊಳ್ಳಿ.

ಇನ್ನುಳಿದ ಪಟ್ಟಿ ಚಿಕ್ಕದು. ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಸ್ಟ್ಯಾಂಡ್, ಒಳ್ಳೆಯ ಕೇಬಲ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್. ಲ್ಯಾಪ್‌ಟಾಪ್ ಮನೆಯಲ್ಲಿ ಯಾರಲ್ಲಾದರೂ ಇದ್ದೇ ಇದೆ, ಆಡಾಸಿಟಿ ಸಾಫ್ಟ್‌ವೇರ್ ಉಚಿತ. 24 ಬಿಟ್, 44.1 ಕಿಲೋಹರ್ಟ್ಸ್ ಎಂದು ಹೊಂದಿಸಿ. ಮೀಟರ್ ಕೆಂಪಿಗೆ ಮುಟ್ಟದಂತೆ ನೋಡಿಕೊಂಡರೆ ಸಾಕು. ಸ್ಪೀಕರ್ ಆಮೇಲೆ ಕೊಳ್ಳಬಹುದು.

"ಇಡೀ ಗಾಯನವೃಂದವನ್ನು ರೆಕಾರ್ಡ್ ಮಾಡುವಾಗ ಏನು ಮಾಡ್ತೀರಿ?" ಎಂದು ಸಭೆಯಲ್ಲಿ ಕೇಳಿದವರಿದ್ದಾರೆ. ಅವರ ಮಾತು ಸರಿ. ಹದಿನೈದು ಜನರ ದನಿಯನ್ನು ದೂರದಿಂದ ಹಿಡಿಯಲು ಕಂಡೆನ್ಸರ್ ಜೋಡಿಯೇ ಮೇಲು. ಆದರೆ ಅದು ವರ್ಷಕ್ಕೆ ಒಂದೆರಡು ದಿನದ ಕೆಲಸ, ಬಾಡಿಗೆಗೆ ತಂದರಾಯಿತು. ಅದಕ್ಕಾಗಿ ವರ್ಷವಿಡೀ ಕೈಕಟ್ಟಿ ಕೂರುವುದು ಬೇಡ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಗಡಿಯ ಜನ ನಾವು. ನಮ್ಮ ಹಾಡುಗಳನ್ನು ಹುಡುಕಿಕೊಂಡು ಯಾವ ಸ್ಟುಡಿಯೋವೂ ಬರುವುದಿಲ್ಲ. ಆ ಅಜ್ಜಿಯ ಮುಂದೆ ಎಷ್ಟೋ ಸಲ ಕುಳಿತಿದ್ದೆವು, ಎಲ್ಲರ ಜೇಬಿನಲ್ಲೂ ಫೋನ್ ಇತ್ತು. ಒಳ್ಳೆಯ ಮೈಕ್ ಬರಲಿ ಎಂದು ಸುಮ್ಮನಿದ್ದೆವು. ಆ ತಪ್ಪು ನಮ್ಮದೇ.

ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಈ ಭಾನುವಾರವೇ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಅವರನ್ನು ಹಾಡಲು ಕೇಳಿಕೊಳ್ಳಿ. ಮೈಕ್ ಇಲ್ಲದಿದ್ದರೆ ಫೋನನ್ನೇ ಹತ್ತಿರ ಇಡಿ.