ಯಂತ್ರದ ಎಣಿಕೆಯೂ ಕಣ್ಣಿನ ಕಾವಲೂ

ಪದಾರ್ಥದ ಅಣುಗಳು ಕ್ಷಣಕಾಲವೂ ನಿಶ್ಚಲವಾಗಿರುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. 1827ರಲ್ಲಿ ರಾಬರ್ಟ್ ಬ್ರೌನನು ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳ ಅಲೆದಾಟಕ್ಕೆ 1905ರಲ್ಲಿ ಐನ್‌ಸ್ಟೈನನು ಗಣಿತದ ವಿವರಣೆ ಕೊಟ್ಟನು. ಅಣುಗಳ ಈ ಚಲನೆಯೇ ಇಂದು ಜೀವಂತ ಮನುಷ್ಯನ ಮಿದುಳಿನ ಒಳರಚನೆಯನ್ನು ಅರಿಯುವ ಸಾಧನವಾಗಿ ಪರಿಣಮಿಸಿದೆ. ನರತಂತುಗಳ ಕಂತೆಗಳಲ್ಲಿ ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸರಾಗವಾಗಿಯೂ ಅಡ್ಡಕ್ಕೆ ತಡೆತಡೆದೂ ಹರಡುತ್ತವೆ. ಎಂ.ಆರ್.ಐ. ಯಂತ್ರದಿಂದ ಈ ವಿಸರಣವನ್ನು ಹಲವು ದಿಕ್ಕುಗಳಲ್ಲಿ ಅಳೆದರೆ ತಂತುಗಳು ಸಾಗುವ ದಿಕ್ಕನ್ನು ಊಹಿಸಬಹುದು. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವಿಧಾನಕ್ಕೆ ಕನಿಷ್ಠ ಆರು ದಿಕ್ಕುಗಳ ಚಿತ್ರಗಳೂ, ವಿಸರಣದ ಪ್ರಭಾವವಿಲ್ಲದ ಒಂದು ಚಿತ್ರವೂ ಬೇಕು.

ಬ್ರಿಟನ್ನಿನ ಯು.ಕೆ. ಬಯೋಬ್ಯಾಂಕ್ ಸಂಸ್ಥೆಯು 2014ರಲ್ಲಿ ಆರಂಭಿಸಿದ ಚಿತ್ರಣ ಕಾರ್ಯವು 2025ರಲ್ಲಿ 1,00,000 ಜನರನ್ನು ಮುಟ್ಟಿತು. ಇಷ್ಟು ಚಿತ್ರಗಳನ್ನು ಒಂದೊಂದಾಗಿ ಮನುಷ್ಯರು ಪರೀಕ್ಷಿಸುವುದು ಸಾಧ್ಯವಿಲ್ಲ. ಗಣಕಯಂತ್ರವೇ ತಿದ್ದಬೇಕು, ಗಣಕಯಂತ್ರವೇ ಅಳೆಯಬೇಕು. ಹಾಗಾದರೆ ಚಿತ್ರದ ಗುಣಾವಗುಣಗಳ ತೀರ್ಮಾನವನ್ನೂ ಅದಕ್ಕೇ ಒಪ್ಪಿಸಿಬಿಡಬಹುದೇ?

ಈ ಅಳತೆಯ ಸೂಕ್ಷ್ಮತೆಯನ್ನು ಮೊದಲು ಗಮನಿಸೋಣ. ಮಾಪನ ನಡೆಯುವ ಅಲ್ಪಕಾಲದಲ್ಲಿ ನೀರಿನ ಅಣು ಸರಿಯುವ ದೂರ ಸುಮಾರು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ರೋಗಿಯ ತಲೆ ಒಂದು ಮಿಲಿಮೀಟರು ಅಲುಗಿತೆಂದರೆ ಅದು ಇದರ ನೂರು ಪಟ್ಟಾಯಿತು! ಅಲ್ಲದೆ, ಕಾಂತಕ್ಷೇತ್ರವನ್ನು ಬೇಗಬೇಗನೆ ಬದಲಿಸುವುದರಿಂದ ಯಂತ್ರದ ಲೋಹಭಾಗಗಳಲ್ಲಿ ಹುಟ್ಟುವ ಸುಳಿಪ್ರವಾಹಗಳು ಚಿತ್ರವನ್ನು ಎಳೆದಾಡುತ್ತವೆ. ಮೂಗಿನ ಹಿಂದಣ ಗಾಳಿಯ ಕುಹರಗಳ ಬಳಿ ಚಿತ್ರವು ಸೊಟ್ಟಗಾಗುತ್ತದೆ. ಗಣಕಯಂತ್ರವು ಇವನ್ನೆಲ್ಲ ಬಹುಮಟ್ಟಿಗೆ ತಿದ್ದಿ, ಎಷ್ಟು ತಿದ್ದಿದೆನೆಂಬ ಲೆಕ್ಕವನ್ನೂ ಒಪ್ಪಿಸುತ್ತದೆ. ದಣಿಯದೆ, ಪಕ್ಷಪಾತವಿಲ್ಲದೆ ಮಾಡುವ ಈ ಕೆಲಸವನ್ನು ನಾವು ಹಳಿಯುವುದಿಲ್ಲ.

ಆದರೆ ಯಂತ್ರವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಅಳತೆಯ ದಿಕ್ಕುಗಳ ಪಟ್ಟಿಯಲ್ಲಿ ಎಡಬಲಗಳ ಧನಚಿಹ್ನೆ, ಋಣಚಿಹ್ನೆಗಳು ಅದಲುಬದಲಾದವೆನ್ನೋಣ. ವಿಸರಣವು ಎಷ್ಟು ಏಕಮುಖವೆಂಬುದನ್ನು 0 ಮತ್ತು 1ರ ನಡುವೆ ಸೂಚಿಸುವ ಸಂಖ್ಯೆಯು ಇದರಿಂದ ಒಂದಿಷ್ಟೂ ಬದಲಾಗದು. ಕನ್ನಡಿಯಲ್ಲಿ ವಸ್ತುವಿನ ಉದ್ದಗಲಗಳು ಬದಲಾಗದ ಹಾಗೆ. ಎಣಿಕೆಯ ಪರೀಕ್ಷೆಯಲ್ಲಿ ಚಿತ್ರವು ತೇರ್ಗಡೆಯಾಗುತ್ತದೆ. ಆದರೆ ಎರಡು ಗೋಳಾರ್ಧಗಳನ್ನು ಕೂಡಿಸುವ ಕಂತೆಯಲ್ಲಿ, ಹೊರಗೆ ಸಾಗುತ್ತ ಮೇಲಕ್ಕೇರಬೇಕಾದ ತಂತುಗಳು ಕೆಳಕ್ಕೆ ಬಾಗಿದಂತೆ ತೋರುತ್ತವೆ! ಅಂಗರಚನೆಯನ್ನು ಬಲ್ಲವರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತದೆ. ಈ ದೋಷವನ್ನು ಹಿಡಿಯುವ ಗಣಕವಿಧಾನಗಳೂ ಈಗ ಉಂಟು. ಆದರೆ ದೋಷವನ್ನು ಮನುಷ್ಯನು ಗುರುತಿಸಿದ ಬಳಿಕವಷ್ಟೇ ಅಂಥವು ಹುಟ್ಟಬಲ್ಲವು.

ಇನ್ನೊಂದು ಅಪಾಯವೂ ಇದೆ. ಎರಡು ಗುಂಪುಗಳಲ್ಲಿ ಒಂದು ಹೆಚ್ಚಾಗಿ ತಲೆ ಅಲುಗಿಸಿದರೆ, ಮಿದುಳುಗಳಲ್ಲಿ ಇಲ್ಲದ ವ್ಯತ್ಯಾಸವು ಅಂಕಿಗಳಲ್ಲಿ ಮೂಡಬಹುದೆಂದು 2014ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹಾಗೆಂದು ಅಲುಗಿದ ಚಿತ್ರಗಳನ್ನೆಲ್ಲ ಬಿಸಾಡಿದರೆ ಯಾರು ಹೊರಗುಳಿಯುತ್ತಾರೆ? ಪುಟ್ಟ ಮಕ್ಕಳು, ವೃದ್ಧರು, ನಡುಕದ ರೋಗಿಗಳು. ಯಾರ ಸಲುವಾಗಿ ಸಂಶೋಧನೆಯೋ ಅವರೇ ಲೆಕ್ಕದಿಂದ ಜಾರಿಹೋದರೆ, ಉಳಿದವರಿಂದ ಪಡೆದ ಫಲಿತಾಂಶವು ಅವರಿಗೆ ಹೇಗೆ ಅನ್ವಯಿಸೀತು?

ಆದುದರಿಂದ ಮೂರು ನಿಯಮಗಳು ಅವಶ್ಯವೆಂದು ನಮ್ಮ ಅಭಿಪ್ರಾಯ. ಯಾವ ಚಿತ್ರವನ್ನು ತಳ್ಳಬೇಕೆಂಬ ನಿಯಮವನ್ನು ಫಲಿತಾಂಶವನ್ನು ನೋಡುವ ಮುನ್ನವೇ ಗೊತ್ತುಮಾಡಬೇಕು. ತಳ್ಳಿದವು ಎಷ್ಟು, ಯಾರವು ಎಂಬುದನ್ನು ಪ್ರಕಟಿಸಬೇಕು. ಯಂತ್ರವು ತಳ್ಳಿದವುಗಳಲ್ಲಿ ಮಾತ್ರವಲ್ಲ, ಒಪ್ಪಿದವುಗಳಲ್ಲಿಯೂ ಕೆಲವನ್ನು ಆಯ್ದು ತಜ್ಞರು ಕಣ್ಣಾರೆ ನೋಡಬೇಕು. ಮನುಷ್ಯನ ಕಣ್ಣೂ ತಪ್ಪುತ್ತದೆಂಬ ಆಕ್ಷೇಪ ನಿಜವೇ. ಆದರೆ ಅದರ ತಪ್ಪು ಬೇರೆ ಬಗೆಯದು; ಆದ್ದರಿಂದಲೇ ಒಂದು ಇನ್ನೊಂದಕ್ಕೆ ಕಾವಲಾಗಬಲ್ಲದು.

ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಕೈಗೆತ್ತಿಕೊಂಡೊಡನೆ ಶೂನ್ಯದೋಷವನ್ನು ನೋಡಬೇಕೆಂದು ವಿದ್ಯಾರ್ಥಿಗಳಿಗೆ ನಾವು ಹೇಳುತ್ತೇವೆ. ಅನೇಕರಿಗೆ ಅದು ಅಂಕ ಗಳಿಸುವ ವಿಧಿಯಾಗಿ ತೋರುತ್ತದೆ. ಮುಂದೆ ಅವರಲ್ಲಿ ಕೆಲವರು ಇಂಥ ಯಂತ್ರಗಳ ಬಳಿ ಕುಳಿತಾರು. ಅಳತೆಯನ್ನು ನಂಬುವ ಮೊದಲು ಮಾಪಕವನ್ನು ಪರೀಕ್ಷಿಸುವ ಅಭ್ಯಾಸವು ಅಂದು ರೋಗಿಯೊಬ್ಬನ ಚಿಕಿತ್ಸೆಯ ಪ್ರಶ್ನೆಯಾಗಬಹುದು.