ಕೈಗೆ ಸಿಗದ ಹಿಡಿಕೆ

ಚೀನಾ ದೇಶದ ಕೈಗಾರಿಕಾ ಸಚಿವಾಲಯವು 2026ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಒಂದು ನಿಯಮವು ನಮ್ಮಲ್ಲಿ ಬಹುಮಂದಿಯ ಗಮನಕ್ಕೆ ಬಂದಂತೆ ಕಾಣುವುದಿಲ್ಲ. ಮೋಟಾರು ಕಾರಿನ ಪಕ್ಕದ ಬಾಗಿಲುಗಳಿಗೆಲ್ಲ, ವಿದ್ಯುತ್ತಿನ ಹಂಗಿಲ್ಲದೆ ಬರಿಯ ಕೈಬಲದಿಂದ ಹೊರಗಿನಿಂದಲೂ ಒಳಗಿನಿಂದಲೂ ತೆರೆಯಬಲ್ಲ ಹಿಡಿಕೆಯಿರತಕ್ಕದ್ದು. ಹೊರಗಿನ ಹಿಡಿಕೆಯ ಬಳಿ ಬೆರಳು ತೂರುವುದಕ್ಕೆ ನಿಗದಿಯಾದಷ್ಟು ತೆರಪಿರತಕ್ಕದ್ದು. ಇದು ಆ ನಿಯಮದ ಸಾರ. 2027ರ ಜನವರಿ 1ನ್ನು ಅದು ಜಾರಿಗೆ ಬರುವ ದಿನವೆಂದು ಗೊತ್ತುಮಾಡಲಾಗಿದೆ. ಅದಕ್ಕೆ ಮೊದಲೇ ಒಪ್ಪಿಗೆ ಪಡೆದ ಮಾದರಿಗಳಿಗೆ ಇನ್ನೆರಡು ವರ್ಷಗಳ ಅವಕಾಶವಿದೆ. ಅಷ್ಟು ದೊಡ್ಡ ದೇಶದ ಸರಕಾರವು ಕಾರಿನ ಹಿಡಿಕೆಯಂಥ ಅಲ್ಪ ವಸ್ತುವಿನ ಅಳತೆಯನ್ನು ಸೆಂಟಿಮೀಟರುಗಳಲ್ಲಿ ಗೊತ್ತುಪಡಿಸಲು ಕುಳಿತುದನ್ನು ಕೇಳಿ ಕೆಲವರಿಗೆ ನಗು ಬರಬಹುದು. ಆದರೆ ವಿಷಯವನ್ನು ತುಸು ವಿಚಾರಿಸಿ ನೋಡಿದರೆ ನಗುವುದಕ್ಕಿಂತ ಯೋಚಿಸಬೇಕಾದುದೇ ಹೆಚ್ಚೆಂದು ತಿಳಿದುಬರುತ್ತದೆ.

ಈಚಿನ ಕಾರುಗಳನ್ನು ನೋಡಿದವರಿಗೆ ಈ ಹೊಸ ಬಗೆಯ ಹಿಡಿಕೆಯ ಪರಿಚಯವಿದ್ದೇ ಇರುತ್ತದೆ. ಬಾಗಿಲಿನ ಮೈಯೊಡನೆ ಸಮವಾಗಿ, ಹೊರಗೆ ಚಾಚದೆ, ಒಳಗೇ ಅಡಗಿರುವ ಪಟ್ಟಿ ಅದು. ಒಡೆಯನು ಕೀಲಿಯೊಡನೆ ಹತ್ತಿರ ಬಂದರೆ ಕೆಲವು ತಾವಾಗಿಯೇ ಹೊರಗೆ ಚಾಚುತ್ತವೆ. ಕೆಲವನ್ನು ಒಂದು ತುದಿಯಲ್ಲಿ ಒತ್ತಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಒತ್ತುವ ಬಗೆಯದು ಹೊಸತೇನೂ ಅಲ್ಲ. 1954ರಲ್ಲಿ ಜರ್ಮನಿಯಿಂದ ಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿಯೇ ಅದಿತ್ತು. ವಿದ್ಯುತ್ತಿನಿಂದ ಹೊರಬರುವ ಹಿಡಿಕೆಯು 2012ರ ಟೆಸ್ಲಾ ಮಾಡೆಲ್ ಎಸ್ ಕಾರಿನಿಂದ ಹೆಸರುವಾಸಿಯಾಯಿತು. ನಮ್ಮ ದೇಶದಲ್ಲಿ ತಯಾರಾದವುಗಳ ಪೈಕಿ 2021ರ ಮಹೀಂದ್ರಾ ಎಕ್ಸ್‌ಯುವಿ700, 2024ರ ಟಾಟಾ ಕರ್ವ್ ಮೊದಲಾದವು ಈ ಅಡಗುಹಿಡಿಕೆಯ ಸೊಬಗನ್ನು ಸಾಮಾನ್ಯ ಮಧ್ಯಮ ವರ್ಗದವರ ಅಂಗಳಕ್ಕೂ ತಂದವು.

ಇದಕ್ಕೆ ಕೊಡುವ ಕಾರಣಗಳು ಎರಡು. ಒಂದು ಗಾಳಿ, ಇನ್ನೊಂದು ಅಂದ. ಓಡುವ ಗಾಡಿಗೆ ಗಾಳಿ ಒಡ್ಡುವ ತಡೆಯು ವೇಗದ ವರ್ಗದಂತೆ ಬೆಳೆಯುತ್ತದೆ. ಮೈಯಿಂದ ಹೊರಗೆ ಚಾಚಿದ ಪ್ರತಿಯೊಂದು ಅಂಗವೂ ಆ ತಡೆಗೆ ತನ್ನ ಪಾಲನ್ನು ಸೇರಿಸುತ್ತದೆ. ಬ್ಯಾಟರಿಯಿಂದ ಓಡುವ ಕಾರಿಗೆ ಒಂದು ಸಲದ ತುಂಬಿಕೆಯಲ್ಲಿ ಎಷ್ಟು ದೂರ ಹೋಗಬಹುದೆಂಬುದೇ ಪ್ರಾಣವಾದ್ದರಿಂದ, ತಯಾರಕರು ಕೂದಲೆಳೆಯಷ್ಟು ಉಳಿತಾಯವನ್ನೂ ಬಿಡರು. ಈ ವಾದದಲ್ಲಿ ಸುಳ್ಳಿಲ್ಲ. ಆದರೆ ಪ್ರಮಾಣವಿದೆಯೇ ಎಂದು ಕೇಳಬೇಕು. ಗಂಟೆಗೆ 100 ಕಿಲೋಮೀಟರು ಓಡುವ ಕಾರಿಗೆ ಒದಗುವ ಗಾಳಿಯ ತಡೆಯು 40 ಕಿಲೋಮೀಟರು ಓಡುವುದರದಕ್ಕಿಂತ ಆರೂಕಾಲು ಪಟ್ಟು. ಅಂದರೆ ಹಿಡಿಕೆಯನ್ನು ಅಡಗಿಸಿ ಪಡೆದ ಲಾಭವು ಹೆದ್ದಾರಿಯ ನಾಗಾಲೋಟದಲ್ಲಿ ಒಂದಿಷ್ಟು ಕಂಡೀತೇ ಹೊರತು ಊರೊಳಗಿನ ಓಡಾಟದಲ್ಲಿ ಕಾಣದು. ಚಕ್ರಗಳೂ ಕನ್ನಡಿಗಳೂ ಗಾಡಿಯ ತಳವೂ ಒಡ್ಡುವ ತಡೆಯ ಮುಂದೆ ಹಿಡಿಕೆಯ ಪಾಲು ಅತ್ಯಲ್ಪ. ಹಾಗಾದರೆ ಉಳಿಯುವುದು ಅಂದವೊಂದೇ. ಅಂದವನ್ನು ನಾವು ಹಳಿಯಬೇಕಾಗಿಲ್ಲ. ಸಾಹಿತ್ಯವನ್ನು ಓದುವವರು ಅಂದವನ್ನು ಹಳಿದರೆ ಅದು ನಮಗೇ ಶೋಭಿಸದು. ಆದರೆ ಯಾವ ಅಂದಕ್ಕೆ ಯಾವ ಬೆಲೆ ತೆರುತ್ತಿದ್ದೇವೆಂಬ ಲೆಕ್ಕ ಇಡಬೇಡವೇ?

ಆ ಬೆಲೆಯನ್ನು ತಿಳಿಯಬೇಕಾದರೆ ಬಾಗಿಲಿನ ಒಳಗನ್ನು ನೋಡಬೇಕು. ಹಳೆಯ ಕಾರಿನಲ್ಲಿ ಹಿಡಿಕೆಗೂ ಒಳಗಿನ ಚಿಲಕಕ್ಕೂ ನಡುವೆ ಒಂದು ಸರಳು ಅಥವಾ ತಂತಿಯ ನೇರ ಸಂಬಂಧವಿತ್ತು. ಕೈ ಎಳೆದರೆ ಚಿಲಕ ಸರಿಯುತ್ತಿತ್ತು. ಹೊಸ ಕಾರುಗಳಲ್ಲಿ ಅನೇಕವುಗಳಲ್ಲಿ ಈ ಸಂಬಂಧವು ಕಡಿದುಹೋಗಿದೆ. ಹಿಡಿಕೆಯು ಕೇವಲ ಒಂದು ಬಿನ್ನಹವನ್ನು ಸಲ್ಲಿಸುತ್ತದೆ. ಅದನ್ನು ಮನ್ನಿಸಿ ಚಿಲಕವನ್ನು ಸರಿಸತಕ್ಕದ್ದು ಒಂದು ಸಣ್ಣ ಮೋಟಾರು. ಆ ಮೋಟಾರಿಗೆ ಶಕ್ತಿ ಬರುವುದು ಗಾಡಿಯನ್ನು ಓಡಿಸುವ ದೊಡ್ಡ ಬ್ಯಾಟರಿಯಿಂದ ನೇರವಾಗಿ ಅಲ್ಲ. ಸಾಮಾನ್ಯವಾಗಿ 12 ವೋಲ್ಟಿನ ಬೇರೊಂದು ಚಿಕ್ಕ ಬ್ಯಾಟರಿಯಿಂದ. ಅಪಘಾತದಲ್ಲಿ ಆ ಬ್ಯಾಟರಿ ನುಜ್ಜುಗುಜ್ಜಾದರೆ, ತಂತಿ ಕಡಿದರೆ, ಬೆಂಕಿಗೆ ಸಿಕ್ಕರೆ, ಅಥವಾ ಮುಪ್ಪಿನಿಂದ ಅದರ ಸತ್ತ್ವ ಉಡುಗಿದರೆ, ಹಿಡಿಕೆ ಹೊರಬರುವುದೂ ಇಲ್ಲ, ಬಿನ್ನಹ ಸಲ್ಲುವುದೂ ಇಲ್ಲ.

ಇದು ಬರಿಯ ಊಹೆಯಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ತನಿಖೆಯನ್ನು ಆರಂಭಿಸಿತು. ಆ ಕಾರುಗಳ ಸಂಖ್ಯೆ ಸುಮಾರು 1,74,000. ಚಿಕ್ಕ ಬ್ಯಾಟರಿ ಕುಗ್ಗಿ ಹೊರಗಿನ ಹಿಡಿಕೆ ಕೆಲಸ ಮಾಡದೆ, ಒಳಗೆ ಉಳಿದ ಮಕ್ಕಳನ್ನು ಹೊರತೆಗೆಯಲು ತಂದೆತಾಯಿಗಳು ಕಿಟಕಿಯ ಗಾಜನ್ನು ಒಡೆಯಬೇಕಾಯಿತೆಂಬ ದೂರುಗಳು ಆ ತನಿಖೆಯ ಮೂಲ. ಮರು ತಿಂಗಳಲ್ಲಿಯೇ ಚೀನಾದ ಚೆಂಗ್ಡು ನಗರದಲ್ಲಿ ಅಪಘಾತಕ್ಕೆ ಸಿಕ್ಕ ಶಿಯೋಮಿ ಕಂಪನಿಯ ಕಾರೊಂದು ಹೊತ್ತಿ ಉರಿಯಿತು. ದಾರಿಹೋಕರು ಓಡಿಬಂದು ಬಾಗಿಲು ತೆರೆಯಲು ಹೆಣಗಿದರು, ಬಾಗಿಲು ತೆರೆಯಲಿಲ್ಲ, ಒಳಗಿದ್ದ ಚಾಲಕನು ಉಳಿಯಲಿಲ್ಲ. ನೆರವಿಗೆ ಬಂದ ಕೈಗಳಿದ್ದೂ ಅವುಗಳಿಗೆ ಹಿಡಿಯಲು ಏನೂ ಸಿಗದೆ ಹೋದ ಆ ದೃಶ್ಯವನ್ನು ಲೋಕವೆಲ್ಲ ಚಿತ್ರಸಮೇತ ಕಂಡಿತು. ಚೀನಾದ ನಿಯಮಕ್ಕೆ ಬಲ ಬಂದುದು ಇಂಥ ಘಟನೆಗಳಿಂದಲೇ.

ಮೋಟಾರಿನ ಬಾಗಿಲ ಕಥೆಯಲ್ಲಿ ಒಂದು ಸ್ವಾರಸ್ಯವುಂಟು. ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ತಜ್ಞರ ಚಿಂತೆ ಇದಕ್ಕೆ ತಿರುಗುಮುರುಗಾಗಿತ್ತು. ಆಗ ಡಿಕ್ಕಿಯಾದೊಡನೆ ಬಾಗಿಲುಗಳು ತಾವಾಗಿ ತೆರೆದುಕೊಂಡು ಒಳಗಿದ್ದವರು ರಸ್ತೆಗೆ ಎಸೆಯಲ್ಪಟ್ಟು ಸಾಯುತ್ತಿದ್ದರು. ಆದುದರಿಂದ ಚಿಲಕಗಳು ಗಟ್ಟಿಯಾಗಿರಬೇಕೆಂಬ ನಿಯಮವು ಅಮೆರಿಕದಲ್ಲಿ 1968ರಲ್ಲಿ ಜಾರಿಗೆ ಬಂದಿತು. ಮುಂದೆ ಡಿಕ್ಕಿಯ ಪರೀಕ್ಷೆಗಳು ಬಂದಾಗ ಇನ್ನೊಂದು ಮಾತು ಸೇರಿತು: ಡಿಕ್ಕಿಯಾದ ಮೇಲೆ ಪ್ರತಿಯೊಂದು ಸಾಲಿನ ಆಸನಕ್ಕೂ ಒಂದಾದರೂ ಬಾಗಿಲನ್ನು ಯಾವ ಉಪಕರಣವೂ ಇಲ್ಲದೆ ತೆರೆಯುವಂತಿರಬೇಕು. ಹೀಗೆ ಒಂದೇ ಬಾಗಿಲಿಗೆ ಎರಡು ಧರ್ಮಗಳು ಪ್ರಾಪ್ತವಾದವು. ಹೊಡೆತದ ಕ್ಷಣದಲ್ಲಿ ಅದು ತೆರೆಯಬಾರದು. ಮರುಕ್ಷಣದಲ್ಲಿ ತೆರೆಯದೆ ಇರಬಾರದು. ಮೊದಲನೆಯ ಧರ್ಮವನ್ನು ಎಂಜಿನಿಯರುಗಳು ಬಹು ಶ್ರದ್ಧೆಯಿಂದ ಪಾಲಿಸಿದ್ದಾರೆ. ಎರಡನೆಯದಕ್ಕೆ ಅಂದದ ಹಂಬಲವು ಅಡ್ಡ ಬಂದಿದೆ.

ಈಗ ಈ ವಿಚಾರವನ್ನು ನಮ್ಮ ಕಡೆಯ ರಸ್ತೆಗೆ ತಂದು ನೋಡೋಣ. ಆಳಂದದಿಂದ ವಾಗ್ದರಿಯ ಕಡೆಗೆ ಹೊರಟರೆ ಹಿರೋಳ್ಳಿಯ ಬಳಿ ಕರ್ನಾಟಕದ ನೆಲ ಮುಗಿದು ಮಹಾರಾಷ್ಟ್ರ ಮೊದಲಾಗುತ್ತದೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೂ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಪಾದುಕೆಗಳ ದರ್ಶನಕ್ಕೂ ಹೋಗಿಬರುವ ಯಾತ್ರಿಕರ ಕಾರುಗಳು ಈ ಸೀಮೆಯ ರಸ್ತೆಗಳಲ್ಲಿ ಸದಾ ಕಾಣುವಂಥವು. ಇಕ್ಕೆಲದಲ್ಲಿ ತೊಗರಿಯ ಹೊಲಗಳು, ಕರಿಯ ಎರೆಮಣ್ಣು; ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅಂಟುವ ಕೆಸರು. ಇಂಥ ದಾರಿಯಲ್ಲಿ ಒಂದು ಕಾರು ಮಗುಚಿದರೆ ಮೊದಲು ಓಡಿಬರತಕ್ಕವರು ಯಾರು? ಅಗ್ನಿಶಾಮಕ ದಳದವರಲ್ಲ, ಅವರು ತಾಲ್ಲೂಕು ಕೇಂದ್ರದಿಂದ ಬರಬೇಕು. ಬರುವವರು ಹೊಲದಲ್ಲಿ ಕಳೆ ಕೀಳುತ್ತಿರುವ ಹೆಂಗಸರು, ಎತ್ತು ಹೊಡೆಯುವ ಒಕ್ಕಲಿಗ, ಕಬ್ಬು ಹೇರಿದ ಟ್ರ್ಯಾಕ್ಟರಿನ ಹುಡುಗ. ಅವರಲ್ಲಿ ಬಹುಮಂದಿ ಅಂಥ ಕಾರಿನೊಳಗೆ ಎಂದೂ ಕುಳಿತವರಲ್ಲ. ಅವರ ಮನೆಯ ಬಾಗಿಲಿಗೆ ಅಗಳಿಯುಂಟು, ಚಿಲಕವುಂಟು, ಕೊಂಡಿಯುಂಟು. ಕತ್ತಲಲ್ಲಿಯೂ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ನುಣುಪಾದ ಲೋಹದ ಮೈಯಲ್ಲಿ ಎಲ್ಲಿ ಒತ್ತಬೇಕು, ಯಾವ ತುದಿ ಮೇಲೇಳುತ್ತದೆ ಎಂಬುದನ್ನು ಹೊಗೆಯ ನಡುವೆ ನಿಂತು ಅವರು ಶೋಧಿಸಬೇಕೇನು?

ಬೆಂಕಿ ಎಷ್ಟು ಕಾಲಾವಕಾಶ ಕೊಡುತ್ತದೆಂಬುದು ಈ ಜಿಲ್ಲೆಗೆ ತಿಳಿಯದ ವಿಷಯವಲ್ಲ. 2022ರ ಜೂನ್ 3ರಂದು ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ, ಗೋವೆಯಿಂದ ಹೈದರಾಬಾದಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಇನ್ನೊಂದು ವಾಹನಕ್ಕೆ ಡಿಕ್ಕಿಯಾಗಿ ಉರುಳಿ ಹೊತ್ತಿಕೊಂಡಿತು. ಏಳಕ್ಕೆ ಕಡಿಮೆಯಿಲ್ಲದ ಮಂದಿ ಅದರೊಳಗೇ ಬೆಂದುಹೋದರು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಹತ್ತಿರ ಉರಿದು 19 ಮಂದಿ ಪ್ರಯಾಣಿಕರು ತೀರಿಕೊಂಡರು. ವಿದ್ಯುತ್ತಿನ ತಂತಿ ಸುಟ್ಟು ಬಾಗಿಲು ತೆರೆಯದೆ ಹೋಯಿತೆಂದೂ, ಬದುಕಿದವರು ಕಿಟಕಿಗಳನ್ನು ಒಡೆದು ಹಾರಿದರೆಂದೂ ವರದಿಗಳು ಬಂದವು. ಇವು ಬಸ್ಸಿನ ಕಥೆಗಳು, ಕಾರಿನ ಹಿಡಿಕೆಯ ಕಥೆಗಳಲ್ಲವೆಂಬುದು ನಿಜ. ಆದರೆ ಇವುಗಳ ಪಾಠ ಒಂದೇ. ಬೆಂಕಿಯ ಹೊತ್ತಿನಲ್ಲಿ ನಿಮಿಷಗಳೇ ಆಯುಸ್ಸು. ವಿದ್ಯುತ್ತನ್ನೇ ನಂಬಿದ ಬಾಗಿಲು, ವಿದ್ಯುತ್ತೇ ಮೊದಲು ಸಾಯುವ ಹೊತ್ತಿನಲ್ಲಿ ಗೋಡೆಯಾಗಿ ನಿಲ್ಲುತ್ತದೆ.

ನಮ್ಮ ದೇಶದ ರಸ್ತೆಗಳಲ್ಲಿ 2022ನೆಯ ಒಂದು ವರ್ಷದಲ್ಲಿ 1,68,491 ಮಂದಿ ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಗಾಯಾಳುವನ್ನು ಕಂಡೂ ಪೋಲೀಸರ ಕಾಟಕ್ಕೆ ಹೆದರಿ ಜನ ಸರಿದುಹೋಗುತ್ತಾರೆಂಬ ದೂರು ಬಹುಕಾಲದಿಂದ ಇತ್ತು. ಅದನ್ನು ನೀಗಲೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮನ್ನು ಸೇರಿಸಿ, ಪರೋಪಕಾರಿಯಾದ ದಾರಿಹೋಕನನ್ನು ಯಾರೂ ಪೀಡಿಸದಂತೆ ಸಂಸತ್ತು ಕಾಪು ಕೊಟ್ಟಿತು. ಇದು ನಿಶ್ಚಯವಾಗಿಯೂ ಹೆಮ್ಮೆಯ ಸಂಗತಿ. ಆದರೆ ಒಂದು ಕಡೆ ಕಾನೂನು ಆ ಹೊಲದ ಆಳಿಗೆ ಹೆದರದೆ ಕೈ ಚಾಚೆಂದು ಹೇಳುತ್ತಿರುವಾಗ, ಇನ್ನೊಂದು ಕಡೆ ಕಾರ್ಖಾನೆಯು ಆ ಕೈಗೆ ಹಿಡಿಯಲು ಏನೂ ಸಿಗದಂತೆ ಬಾಗಿಲನ್ನು ನುಣುಪಾಗಿಸುತ್ತಿರುವುದು ಎಂಥ ವಿಪರ್ಯಾಸ! ಕೈಗೆ ಅಭಯ ಕೊಟ್ಟ ಕಾನೂನು ಹಿಡಿಕೆಯನ್ನೂ ಕೊಟ್ಟರಲ್ಲವೇ ಅದರ ಕೆಲಸ ಪೂರ್ತಿಯಾಗುವುದು?

ಭಾಷೆಯನ್ನು ಓದುವ ನಮಗೆ ಇಲ್ಲಿ ಎರಡು ಮಾತುಗಳು ನೆನಪಿಗೆ ಬರುತ್ತವೆ. ಹಳಗನ್ನಡದ ‘ಪಿಡಿ’ಯೇ ಇಂದಿನ ‘ಹಿಡಿ’. ಹಿಡಿಯತಕ್ಕದ್ದು ಹಿಡಿಕೆ, ಕೈಯಲ್ಲಿ ಹಿಡಿದು ದಾರಿ ತೋರಿಸತಕ್ಕ ಪುಸ್ತಕ ಕೈಪಿಡಿ. ಎರಡೂ ಒಂದೇ ಬೇರಿನ ಕುಡಿಗಳು. ಆದರೆ ಅವುಗಳ ಕೆಲಸ ಬೇರೆ. ಹಿಡಿಕೆಯೆಂಬುದು ಓದಲು ಬಾರದವನಿಗೂ ಅರ್ಥವಾಗುವ ವಸ್ತು. ಅದರ ಆಕಾರವೇ ಅದರ ವ್ಯಾಖ್ಯಾನ. ಕೈಪಿಡಿಯು ಬಿಡುವಿದ್ದವನು ಓದುವ ಗ್ರಂಥ. ವಿದ್ಯುತ್ತು ಹೋದಾಗ ಎಳೆಯತಕ್ಕ ಗುಪ್ತ ತಂತಿಯು ಬಾಗಿಲ ಜೇಬಿನ ಚಾಪೆಯ ಕೆಳಗಿದೆಯೆಂದು ಕೆಲವು ಕಾರುಗಳ ಕೈಪಿಡಿ ಹೇಳುತ್ತದೆ. ಅದನ್ನು ಒಡೆಯನೇ ಓದಿರುವುದು ಸಂದೇಹ. ಹಿಂದಿನ ಆಸನದಲ್ಲಿ ಕುಳಿತ ಅಜ್ಜಿ ಓದಿರುವುದೆಲ್ಲಿ ಬಂತು? ಹಿಡಿಕೆಯನ್ನು ಕಾಣಲು ಕೈಪಿಡಿ ಬೇಕಾಯಿತೆಂದರೆ ಅದು ಹಿಡಿಕೆಯೆಂಬ ಹೆಸರಿಗೆ ತಕ್ಕುದಲ್ಲ. ಹಿರೋಳ್ಳಿಯಂಥ ಗಡಿಯಲ್ಲಿ ಈಚೆಗೆ ಕನ್ನಡ, ಆಚೆಗೆ ಮರಾಠಿ. ಇಂಗ್ಲಿಷಿನ ಸೂಚನೆಯ ಚೀಟಿ ಇಬ್ಬರಿಗೂ ಸಮನಾಗಿ ಅಪರಿಚಿತ. ಎರಡೂ ಕಡೆಯವರಿಗೆ ಹೇಳಿಕೊಡದೆ ತಿಳಿಯುವ ಭಾಷೆ ಒಂದೇ, ಅದು ಕೈಯ ಭಾಷೆ.

ಹಾಗೆಂದು ಹಿಡಿಕೆಯು ಹೊರಗೆ ಚಾಚಿಕೊಂಡೇ ಇರಬೇಕೆಂದು ಯಾರೂ ವಾದಿಸಬೇಕಾಗಿಲ್ಲ. 1983ರಿಂದ 2014ರ ವರೆಗೆ ನಮ್ಮ ರಸ್ತೆಗಳನ್ನು ಆಳಿದ ಮಾರುತಿ 800 ಕಾರನ್ನು ನೆನೆಯಿರಿ. ಅದರ ಹಿಡಿಕೆ ಬಾಗಿಲ ಮೈಗೆ ಅಂಟಿಕೊಂಡೇ ಇತ್ತು. ಆದರೆ ಅದರ ಅಡಿಯಲ್ಲಿ ಬೆರಳು ತೂರುವಷ್ಟು ಗುಳಿಯಿತ್ತು, ಎತ್ತಿದರೆ ಚಿಲಕ ಸರಿಯುತ್ತಿತ್ತು. ಅದು ಯಾರ ಅಂದವನ್ನೂ ಕೆಡಿಸಲಿಲ್ಲ, ಯಾವ ಬ್ಯಾಟರಿಯ ದಾಕ್ಷಿಣ್ಯವನ್ನೂ ಕಾಯಲಿಲ್ಲ. ಸಮತಲದ ಹಿಡಿಕೆಯಲ್ಲಿಯೇ ದೋಷವಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ದೋಷವಿರುವುದು ಕೈಗೂ ಚಿಲಕಕ್ಕೂ ಇದ್ದ ನೇರ ಸಂಬಂಧವನ್ನು ಕಡಿದುದರಲ್ಲಿ.

ಆದುದರಿಂದ ನಾವು ಕೇಳತಕ್ಕದ್ದು ಬಹಳವೇನಲ್ಲ. ಪ್ರತಿಯೊಂದು ಪಕ್ಕದ ಬಾಗಿಲೂ ವಿದ್ಯುತ್ತಿಲ್ಲದೆ ಒಳಗೂ ಹೊರಗೂ ತೆರೆಯಬೇಕು. ಡಿಕ್ಕಿಯಾದೊಡನೆ ಬಾಗಿಲುಗಳ ಬೀಗ ತಾನಾಗಿ ಬಿಚ್ಚಬೇಕು. ಇಲ್ಲವಾದರೆ ಹೊರಗಿನ ಹಿಡಿಕೆ ಕೈಗೆ ಸಿಕ್ಕೂ ಪ್ರಯೋಜನವಿಲ್ಲ. ಹಿಡಿಕೆಯಿರುವ ಜಾಗವು ಕತ್ತಲಲ್ಲಿ ತಡಕಿದರೂ ಬೆರಳಿಗೆ ತಿಳಿಯಬೇಕು. ಧೂಳು ಕೆಸರು ಮೆತ್ತಿದ ಮೇಲೂ ಅದು ಕೆಲಸ ಮಾಡುವುದೆಂದು ಪರೀಕ್ಷಿಸಬೇಕು. ಯೂರೋಪಿನ ಹಿಮಕ್ಕೆ ಮಾಡುವ ಪರೀಕ್ಷೆ ನಮ್ಮ ಎರೆಮಣ್ಣಿಗೆ ಸಾಲದು. 2023ರ ಅಕ್ಟೋಬರಿನಿಂದ ನಮ್ಮಲ್ಲಿಯೂ ಭಾರತ್ ಎನ್‌ಕ್ಯಾಪ್ ಎಂಬ ಸುರಕ್ಷತೆಯ ಅಂಕಪಟ್ಟಿ ನಡೆದುಬಂದಿದೆ. ಕೊಳ್ಳುವವರು ನಕ್ಷತ್ರಗಳನ್ನು ಎಣಿಸಲು ಕಲಿತಿದ್ದಾರೆ. ಡಿಕ್ಕಿಯಲ್ಲಿ ಒಳಗಿನವನು ಉಳಿದನೇ ಎಂಬುದರ ಜೊತೆಗೆ, ಉಳಿದವನನ್ನು ಅಪರಿಚಿತನೊಬ್ಬನು ಹೊರಗೆಳೆಯಬಲ್ಲನೇ ಎಂಬುದಕ್ಕೂ ಅಲ್ಲಿ ಅಂಕವಿರಲಿ.

ಇಷ್ಟಕ್ಕೆ ಖರ್ಚು ಹೆಚ್ಚುವುದೆಂದು ತಯಾರಕರು ಹೇಳಬಹುದು. ಒಂದು ಸರಳಿಗೂ ಒಂದು ತಂತಿಗೂ ಆಗುವ ಖರ್ಚು, ಅಡಗುಹಿಡಿಕೆಯ ಮೋಟಾರಿಗೆ ಆಗುವ ಖರ್ಚಿಗಿಂತ ದೊಡ್ಡದಾಗಲಾರದು. ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಹಳೆಯ ಚಾಳಿ. ಚೀನಾ ದೇಶವೂ ಹಾಗೆಯೇ ತೋಡಿತು. ಅವರು ತೋಡಿದ ಬಾವಿಯ ನೀರನ್ನು ಮೊದಲೇ ಸೇದಿಟ್ಟುಕೊಳ್ಳುವ ಅವಕಾಶವು ನಮಗೆ ಒದಗಿದೆ. ಕಾರು ಒಡೆಯನದಾದರೂ ಅಪಘಾತದ ಹೊತ್ತಿನಲ್ಲಿ ಅದರ ಬಾಗಿಲು ಊರಿನದು. ಓಡಿಬಂದವನ ಕೈಗೆ ಅದು ಸಿಗುವಂತಿರಲಿ.